ಡೇಟಾಬೇಸ್ ಸ್ನ್ಯಾಪ್‌ಶಾಟ್‌ಗಳ ದೂರಸ್ಥ ನಕಲು

ಡೇಟಾಬೇಸ್ ಒಂದು ಕ್ಷಣದಲ್ಲಿ ಯಾವ ಸ್ಥಿತಿಯಲ್ಲಿತ್ತೋ ಆ ಸ್ಥಿತಿಯನ್ನು ಹಾಗೆಯೇ ಹಿಡಿದಿಟ್ಟ ಪ್ರತಿಯೇ ಸ್ನ್ಯಾಪ್‌ಶಾಟ್. ಈ ಪ್ರತಿಯನ್ನು ನೂರಾರು ಕಿಲೋಮೀಟರ್ ದೂರದ ಮತ್ತೊಂದು ಡೇಟಾ ಸೆಂಟರ್‌ಗೆ ಕಳುಹಿಸಿ, ಮೂಲ ಕೇಂದ್ರ ನಿಂತುಹೋದಾಗ ಅಲ್ಲಿಂದಲೇ ಸೇವೆ ಮುಂದುವರಿಸಲು ಸಜ್ಜಾಗಿಡುವುದು ದೊಡ್ಡ ಗಣಕ ವ್ಯವಸ್ಥೆಗಳ ಮುಖ್ಯ ರಕ್ಷಣಾಕ್ರಮಗಳಲ್ಲಿ ಒಂದು. ಬ್ಯಾಂಕು, ಷೇರುಪೇಟೆ, ಆಸ್ಪತ್ರೆ, ಸರ್ಕಾರಿ ದಾಖಲೆ ಎಲ್ಲವೂ ಇದನ್ನು ನೆಚ್ಚಿಕೊಂಡಿವೆ. ದೂರದಲ್ಲಿ ಈ ಪ್ರತಿಯನ್ನು ಸ್ವೀಕರಿಸುವುದು ಸಾಮಾನ್ಯವಾಗಿ ಒಂಟಿ ಸರ್ವರ್ ಅಲ್ಲ, ಸರ್ವರ್‌ಗಳ ಗುಂಪು. ಒಂದು ಕೆಟ್ಟರೆ ಮತ್ತೊಂದು ತಾನಾಗಿಯೇ ಕೆಲಸ ವಹಿಸಿಕೊಳ್ಳುವ ಇಂಥ ಗುಂಪನ್ನು ಹೈ ಅವೈಲಬಿಲಿಟಿ ಕ್ಲಸ್ಟರ್ ಅಥವಾ ಚಿಕ್ಕದಾಗಿ ಎಚ್‌ಎ ಕ್ಲಸ್ಟರ್ ಎನ್ನುತ್ತಾರೆ.

ಈ ವ್ಯವಸ್ಥೆಯಲ್ಲಿ ಮೂರು ರಕ್ಷಣೆಗಳು ಕೂಡಿವೆ. ಯಂತ್ರ ಕೆಟ್ಟರೆ ಕಾಪಾಡುವುದು ಕ್ಲಸ್ಟರ್. ಬೆಂಕಿ, ಪ್ರವಾಹ, ಭೂಕಂಪದಿಂದ ಇಡೀ ಕಟ್ಟಡವೇ ಹೋದರೆ ನೆರವಾಗುವುದು ದೂರದ ಪ್ರತಿ. ಮನುಷ್ಯನ ತಪ್ಪಿನಿಂದ ಅಥವಾ ದುರುದ್ದೇಶದಿಂದ ಮಾಹಿತಿಯೇ ಹಾಳಾದರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದದ್ದು ಸ್ನ್ಯಾಪ್‌ಶಾಟ್. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಈ ಕ್ಷೇತ್ರದ ಹೆಸರಾಂತ ಅವಘಡಗಳಲ್ಲಿ ಹಲವು ಈ ವ್ಯತ್ಯಾಸವನ್ನು ಮರೆತಲ್ಲಿ ಸಂಭವಿಸಿವೆ.

ಇತಿಹಾಸ

ನಿಲ್ಲದ ಗಣಕದ ಕಲ್ಪನೆಯನ್ನು ವಾಣಿಜ್ಯ ಬಳಕೆಗೆ ತಂದವರಲ್ಲಿ ಅಮೆರಿಕದ ಟ್ಯಾಂಡಮ್ ಕಂಪ್ಯೂಟರ್ಸ್ ಮೊದಲಿನದು. 1974ರಲ್ಲಿ ಸ್ಥಾಪನೆಯಾದ ಈ ಕಂಪನಿ 1976ರಲ್ಲಿ ತನ್ನ ನಾನ್‌ಸ್ಟಾಪ್ ಯಂತ್ರವನ್ನು ಗ್ರಾಹಕರಿಗೆ ಒದಗಿಸಿತು. 1980ರ ದಶಕದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ವ್ಯಾಕ್ಸ್‌ಕ್ಲಸ್ಟರ್ ಹಲವು ಗಣಕಗಳು ಒಂದೇ ಡಿಸ್ಕ್ ಸಮೂಹವನ್ನು ಹಂಚಿಕೊಂಡು ದುಡಿಯುವ ಮಾದರಿಯನ್ನು ಬಳಕೆಗೆ ತಂದಿತು.

ಡೇಟಾಬೇಸ್ ಕುಸಿದ ಮೇಲೆ ಅದನ್ನು ಸರಿಯಾದ ಸ್ಥಿತಿಗೆ ತರುವ ವಿಧಾನಕ್ಕೆ ಗಟ್ಟಿ ತಳಹದಿ ಹಾಕಿದ್ದು ಐಬಿಎಂ ಸಂಶೋಧಕರ ಏರೀಸ್ ಕ್ರಮಾವಳಿ. ಭಾರತ ಮೂಲದ ಸಿ. ಮೋಹನ್ ಮತ್ತು ಸಂಗಡಿಗರು ಅದನ್ನು 1992ರಲ್ಲಿ ಪ್ರಕಟಿಸಿದರು. ಯಾವುದೇ ಬದಲಾವಣೆ ಡೇಟಾ ಪುಟವನ್ನು ಸೇರುವ ಮೊದಲು ಅದರ ದಾಖಲೆ ಲಾಗ್‌ನಲ್ಲಿ ಬರೆದಾಗಿರಬೇಕು ಎಂಬ ನಿಯಮ ಅದಕ್ಕೂ ಹಿಂದಿನದು. ಆ ನಿಯಮವನ್ನು ಆಧರಿಸಿ ಪೂರ್ಣ ಚೇತರಿಕೆಯ ಕ್ರಮವನ್ನು ಏರೀಸ್ ಕಟ್ಟಿಕೊಟ್ಟಿತು. ಇಂದು ಸ್ನ್ಯಾಪ್‌ಶಾಟ್‌ನಿಂದ ಡೇಟಾಬೇಸ್ ಎದ್ದು ನಿಲ್ಲುವುದು ಇದೇ ತತ್ವದ ಬಲದಿಂದ.

ಸ್ಟೋರೇಜ್ ಕ್ಷೇತ್ರದಲ್ಲಿ 1992ರಲ್ಲಿ ಆರಂಭವಾದ ನೆಟ್‌ಆ್ಯಪ್ ಕಂಪನಿ ತನ್ನ ವಾಫಲ್ ಎಂಬ ಕಡತ ವ್ಯವಸ್ಥೆಯಲ್ಲಿ ಸ್ನ್ಯಾಪ್‌ಶಾಟ್ ಅನ್ನು ದಿನನಿತ್ಯದ ಸೌಲಭ್ಯವಾಗಿಸಿತು. ಡೇವ್ ಹಿಟ್ಜ್, ಜೇಮ್ಸ್ ಲಾವ್, ಮೈಕೆಲ್ ಮಾಲ್ಕಮ್ ಅದರ ರಚನೆಯನ್ನು 1994ರ ಪ್ರಬಂಧದಲ್ಲಿ ವಿವರಿಸಿದರು. ಅದೇ ವರ್ಷ ಇಎಂಸಿ ಕಂಪನಿಯ ಎಸ್‌ಆರ್‌ಡಿಎಫ್ ಒಂದು ಕೇಂದ್ರದ ಡಿಸ್ಕ್‌ಗಳನ್ನು ಮತ್ತೊಂದು ಕೇಂದ್ರದಲ್ಲಿ ಪ್ರತಿಬಿಂಬಿಸುವ ತಂತ್ರವನ್ನು ತಂದಿತು. 1996ರಲ್ಲಿ ಆ್ಯಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಸ್ ರಚಿಸಿದ ಆರ್‌ಸಿಂಕ್, ಎರಡು ಕಡತಗಳಲ್ಲಿ ವ್ಯತ್ಯಾಸವಿರುವ ಭಾಗವನ್ನು ಮಾತ್ರ ಜಾಲದಲ್ಲಿ ಕಳುಹಿಸುವುದನ್ನು ಎಲ್ಲರ ಕೈಗೆಟುಕಿಸಿತು. ಸನ್ ಮೈಕ್ರೋಸಿಸ್ಟಮ್ಸ್‌ನ ಝಡ್‌ಎಫ್‌ಎಸ್ 2005ರಲ್ಲಿ ಮುಕ್ತ ಮೂಲವಾಗಿ ಹೊರಬಂದಿತು. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಆದ ಬದಲಾವಣೆಯನ್ನಷ್ಟೇ ಮತ್ತೊಂದು ಯಂತ್ರಕ್ಕೆ ಕಳುಹಿಸುವ ಸೌಲಭ್ಯ ಅದರ ಒಳಗೇ ಸೇರಿತ್ತು.

ಕ್ಲೌಡ್ ಬಂದ ಮೇಲೆ ಈ ಕೆಲಸದ ರೂಪ ಬದಲಾಯಿತು. ಅಮೆಜಾನ್ 2008ರಲ್ಲಿ ತನ್ನ ಬ್ಲಾಕ್ ಸ್ಟೋರೇಜ್ ಸೇವೆಯನ್ನು ಸ್ನ್ಯಾಪ್‌ಶಾಟ್ ಸೌಲಭ್ಯದೊಂದಿಗೆ ಆರಂಭಿಸಿ, 2012ರ ಕೊನೆಗೆ ಆ ಸ್ನ್ಯಾಪ್‌ಶಾಟ್‌ಗಳನ್ನು ಒಂದು ಭೌಗೋಳಿಕ ವಲಯದಿಂದ ಇನ್ನೊಂದಕ್ಕೆ ನಕಲು ಮಾಡುವ ಅವಕಾಶ ಕೊಟ್ಟಿತು.

ಸ್ನ್ಯಾಪ್‌ಶಾಟ್ ರೂಪುಗೊಳ್ಳುವ ಬಗೆ

ಹತ್ತು ಟೆರಾಬೈಟ್ ಡೇಟಾಬೇಸ್‌ನ ಸ್ನ್ಯಾಪ್‌ಶಾಟ್ ಕೆಲವೇ ಕ್ಷಣಗಳಲ್ಲಿ ಸಿದ್ಧವಾಗುವುದು ಸಾಧ್ಯ. ಕಾರಣ, ಆ ಹೊತ್ತಿನಲ್ಲಿ ಯಾವ ಮಾಹಿತಿಯೂ ನಕಲಾಗಿರುವುದಿಲ್ಲ. ಇದಕ್ಕೆ ಎರಡು ವಿಧಾನಗಳಿವೆ. ಮೊದಲನೆಯದರಲ್ಲಿ, ಒಂದು ಬ್ಲಾಕ್ ಬದಲಾಗುವ ಮೊದಲು ಅದರ ಹಳೆಯ ರೂಪವನ್ನು ಪಕ್ಕಕ್ಕೆ ಎತ್ತಿಡಲಾಗುತ್ತದೆ. ಲಿನಕ್ಸ್‌ನ ಎಲ್‌ವಿಎಂನ ಸಾಂಪ್ರದಾಯಿಕ ಸ್ನ್ಯಾಪ್‌ಶಾಟ್ ಹೀಗೆ ನಡೆಯುತ್ತದೆ. ಪ್ರತಿ ಬ್ಲಾಕ್ ಮೊದಲ ಬಾರಿ ಬದಲಾಗುವಾಗ ಹೆಚ್ಚುವರಿ ಕೆಲಸ ಬೀಳುವುದರಿಂದ ವೇಗ ಕುಗ್ಗುತ್ತದೆ. ಎರಡನೆಯದರಲ್ಲಿ ಹಳೆಯ ಬ್ಲಾಕ್ ಇದ್ದಲ್ಲೇ ಉಳಿಯುತ್ತದೆ. ಹೊಸ ಬರಹ ಖಾಲಿ ಜಾಗಕ್ಕೆ ಹೋಗುತ್ತದೆ. ವಾಫಲ್ ಮತ್ತು ಝಡ್‌ಎಫ್‌ಎಸ್ ಈ ದಾರಿ ಹಿಡಿದಿವೆ.

ಎರಡರಲ್ಲೂ ಬದಲಾಗದ ಬ್ಲಾಕ್‌ಗಳನ್ನು ಮೂಲವೂ ಸ್ನ್ಯಾಪ್‌ಶಾಟೂ ಹಂಚಿಕೊಂಡಿರುತ್ತವೆ. ಹಾಗಾಗಿ ಅದೇ ಡಿಸ್ಕ್‌ನಲ್ಲಿ ಉಳಿದ ಸ್ನ್ಯಾಪ್‌ಶಾಟ್ ಬ್ಯಾಕಪ್ ಆಗುವುದಿಲ್ಲ. ಡಿಸ್ಕ್ ಸತ್ತರೆ ಎರಡೂ ಹೋಗುತ್ತವೆ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2005ರಿಂದ ಇರುವ ಡೇಟಾಬೇಸ್ ಸ್ನ್ಯಾಪ್‌ಶಾಟ್ ಕೂಡ ಮೂಲ ಡೇಟಾಬೇಸ್ ಇರುವ ಸರ್ವರ್‌ನಲ್ಲಿಯೇ ಇರಬೇಕಾದದ್ದು. ಅದನ್ನು ದೂರಕ್ಕೆ ಒಯ್ದು ಬಳಸಲು ಬರುವುದಿಲ್ಲ. ದೂರಕ್ಕೆ ಕಳುಹಿಸಬೇಕಾದರೆ ಸ್ಟೋರೇಜ್ ಮಟ್ಟದ ಸ್ನ್ಯಾಪ್‌ಶಾಟ್ ಅಥವಾ ಪೂರ್ಣ ಬ್ಯಾಕಪ್ ಬೇಕು.

ಸುಸಂಗತತೆ

ಡೇಟಾಬೇಸ್ ಓಡುತ್ತಿರುವಾಗ ಅದರ ಸ್ಥಿತಿ ಸ್ವಲ್ಪ ಮೆಮೊರಿಯಲ್ಲಿ, ಸ್ವಲ್ಪ ಲಾಗ್‌ನಲ್ಲಿ, ಸ್ವಲ್ಪ ಡೇಟಾ ಕಡತಗಳಲ್ಲಿ ಹರಡಿರುತ್ತದೆ. ಆ ಹೊತ್ತಿನಲ್ಲಿ ತೆಗೆದ ಸ್ನ್ಯಾಪ್‌ಶಾಟ್ ವಿದ್ಯುತ್ ಹಠಾತ್ತನೆ ಹೋದಾಗ ಡಿಸ್ಕ್ ಇದ್ದ ಸ್ಥಿತಿಯನ್ನೇ ತೋರಿಸುತ್ತದೆ. ಲಾಗ್ ಮತ್ತು ಡೇಟಾ ಎರಡೂ ಒಂದೇ ಕ್ಷಣದವಾದರೆ ಡೇಟಾಬೇಸ್ ಲಾಗ್ ಓದಿ ಚೇತರಿಸಿಕೊಳ್ಳುತ್ತದೆ. ಅವು ಬೇರೆ ಬೇರೆ ವಾಲ್ಯೂಮ್‌ಗಳಲ್ಲಿದ್ದು ಒಂದರ ಸ್ನ್ಯಾಪ್‌ಶಾಟ್ ಕೆಲವು ಸೆಕೆಂಡ್ ತಡವಾದರೂ ಪ್ರತಿ ಕೆಲಸಕ್ಕೆ ಬಾರದೆ ಹೋಗಬಹುದು. ಡೇಟಾ ಪುಟದಲ್ಲಿರುವ ಬದಲಾವಣೆಯ ದಾಖಲೆ ಲಾಗ್‌ನಲ್ಲಿ ಇಲ್ಲದಿರುವ ಪರಿಸ್ಥಿತಿ ಆಗ ಉಂಟಾಗುತ್ತದೆ. ಇದನ್ನು ತಪ್ಪಿಸಲು ಸ್ಟೋರೇಜ್ ವ್ಯವಸ್ಥೆಗಳು ಎಲ್ಲ ವಾಲ್ಯೂಮ್‌ಗಳನ್ನು ಒಂದು ಗುಂಪಾಗಿ ಕಟ್ಟಿ ಒಟ್ಟಿಗೇ ಸ್ನ್ಯಾಪ್‌ಶಾಟ್ ತೆಗೆಯುತ್ತವೆ.

ಇನ್ನೂ ಸುರಕ್ಷಿತವಾದದ್ದು ಡೇಟಾಬೇಸ್‌ಗೆ ಮೊದಲೇ ಸೂಚನೆ ಕೊಡುವ ಕ್ರಮ. ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ಗಳಲ್ಲಿ ಬ್ಯಾಕಪ್ ಆರಂಭ ಮತ್ತು ಮುಕ್ತಾಯವನ್ನು ತಿಳಿಸುವ ಆದೇಶಗಳಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಕ್ಷಣಕಾಲ ಬರಹಗಳಿಗೆ ತಡೆಯೊಡ್ಡುವ ಬೀಗವಿದೆ. ವಿಂಡೋಸ್‌ನಲ್ಲಿ ಈ ಹೊಂದಾಣಿಕೆಯನ್ನು ವಾಲ್ಯೂಮ್ ಶ್ಯಾಡೋ ಕಾಪಿ ಸೇವೆ ನೋಡಿಕೊಳ್ಳುತ್ತದೆ. ಬರೆಯುತ್ತಿರುವಾಗಲೇ ನಕಲಾಗಿ ಅರ್ಧ ಹಳೆಯದು, ಅರ್ಧ ಹೊಸದಾದ ಪುಟಗಳ ಸಮಸ್ಯೆಯೂ ಇದೆ. ಪೋಸ್ಟ್‌ಗ್ರೆಸ್‌ನ ಪುಟ 8 ಕಿಲೋಬೈಟ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿಯದು ಸಾಮಾನ್ಯವಾಗಿ 16 ಕಿಲೋಬೈಟ್. ಚೆಕ್‌ಪಾಯಿಂಟ್ ಆದ ಮೇಲೆ ಒಂದು ಪುಟ ಮೊದಲ ಬಾರಿ ಬದಲಾದಾಗ ಪೋಸ್ಟ್‌ಗ್ರೆಸ್ ಇಡೀ ಪುಟವನ್ನೇ ಲಾಗ್‌ಗೆ ಬರೆಯುವುದು ಇಂಥ ಹರಿದ ಪುಟಗಳನ್ನು ಸರಿಪಡಿಸಲೆಂದೇ.

ಡೇಟಾಬೇಸ್ ಹಲವು ಯಂತ್ರಗಳಲ್ಲಿ ಹಂಚಿಹೋಗಿದ್ದರೆ ಸಮಸ್ಯೆ ಮತ್ತಷ್ಟು ಜಟಿಲ. ಒಂದು ಯಂತ್ರದಲ್ಲಿರುವ ಖಾತೆಯಿಂದ 1,000 ರೂಪಾಯಿ ಮತ್ತೊಂದು ಯಂತ್ರದ ಖಾತೆಗೆ ವರ್ಗವಾಗುತ್ತಿದೆ ಎಂದುಕೊಳ್ಳೋಣ. ಮೊದಲ ಯಂತ್ರದ ಸ್ನ್ಯಾಪ್‌ಶಾಟ್ ಹಣ ಕಳೆಯುವ ಮೊದಲು, ಎರಡನೆಯದರದು ಹಣ ಸೇರಿದ ಮೇಲೆ ತೆಗೆದದ್ದಾದರೆ ಆ 1,000 ರೂಪಾಯಿ ಎರಡೂ ಕಡೆ ಕಾಣಿಸುತ್ತದೆ. ಎಲ್ಲ ಯಂತ್ರಗಳನ್ನು ನಿಲ್ಲಿಸದೆ ಪರಸ್ಪರ ಹೊಂದುವ ಚಿತ್ರಣ ಪಡೆಯುವ ಕ್ರಮವನ್ನು ಕೆ. ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ 1985ರಲ್ಲಿ ನೀಡಿದರು. ವಿತರಿತ ವ್ಯವಸ್ಥೆಗಳ ಸ್ನ್ಯಾಪ್‌ಶಾಟ್ ಚರ್ಚೆ ಇಂದಿಗೂ ಅಲ್ಲಿಂದಲೇ ಆರಂಭವಾಗುತ್ತದೆ.

ದೂರಕ್ಕೆ ಸಾಗಣೆ

ಮೊದಲ ಪ್ರತಿ ಪೂರ್ಣವಾಗಿ ಹೋಗಬೇಕು. ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ಲಿಂಕ್ ಸಂಪೂರ್ಣ ಬಿಡುವಾಗಿದ್ದರೂ 10 ಟೆರಾಬೈಟ್ ದಾಟಲು 22 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಹಗಲಿನ ವ್ಯವಹಾರಕ್ಕೂ ಅದೇ ಲಿಂಕ್ ಬೇಕಾದ್ದರಿಂದ ಸಾಗಣೆಯ ವೇಗಕ್ಕೆ ಮಿತಿ ಹಾಕುವುದು ವಾಡಿಕೆ. ಆಗ ಇದೇ ಕೆಲಸ ಹಲವು ದಿನ ತೆಗೆದುಕೊಳ್ಳುತ್ತದೆ. ತೀರಾ ದೊಡ್ಡ ಡೇಟಾಬೇಸ್‌ಗಳ ಮೊದಲ ಪ್ರತಿಯನ್ನು ಡಿಸ್ಕ್‌ಗಳಲ್ಲಿ ತುಂಬಿ ವಾಹನದಲ್ಲಿ ಕಳುಹಿಸುವುದೂ ಉಂಟು.

ಆಮೇಲಿನ ಸ್ನ್ಯಾಪ್‌ಶಾಟ್‌ಗಳಲ್ಲಿ ಬದಲಾದ ಬ್ಲಾಕ್‌ಗಳು ಮಾತ್ರ ಹೋಗುತ್ತವೆ. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಹತ್ತು ಸಲ ಬದಲಾದ ಬ್ಲಾಕ್ ಒಂದೇ ಸಲ ಸಾಗುತ್ತದೆ. ಬರೆದು ಅಳಿಸಿದ್ದು ಸಾಗುವುದೇ ಇಲ್ಲ. ಪ್ರತಿ ಬರಹವನ್ನೂ ಕಳುಹಿಸುವ ವಿಧಾನಕ್ಕಿಂತ ಇದು ಲಿಂಕ್‌ನ ಹೊರೆಯನ್ನು ಕಡಿಮೆ ಮಾಡುತ್ತದೆ. ಪೋಸ್ಟ್‌ಗ್ರೆಸ್ 2024ರ 17ನೇ ಆವೃತ್ತಿಯಲ್ಲಿ ಹೀಗೆ ಬದಲಾದ ಭಾಗವನ್ನಷ್ಟೇ ತೆಗೆಯುವ ಬ್ಯಾಕಪ್‌ಗಳನ್ನು ತನ್ನೊಳಗೇ ಸೇರಿಸಿಕೊಂಡಿತು.

ದೂರ ತಾನೇ ಒಂದು ಮಿತಿ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೆಂಗಳೂರು ಮತ್ತು ಮುಂಬೈ ನಡುವಿನ ನೇರ ದೂರ ಸುಮಾರು 840 ಕಿಲೋಮೀಟರ್. ಹೋಗಿ ಬರಲು ಕನಿಷ್ಠ 8 ಮಿಲಿಸೆಕೆಂಡ್ ಬೇಕು. ಕೇಬಲ್ ಸುತ್ತಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಪ್ರತಿ ಕಮಿಟ್‌ಗೂ ದೂರದ ಉತ್ತರಕ್ಕೆ ಕಾಯುವ ಸಿಂಕ್ರನಸ್ ವಿಧಾನದಲ್ಲಿ ಈ ಕಾಲ ಪ್ರತಿ ವ್ಯವಹಾರಕ್ಕೂ ಸೇರಿಕೊಳ್ಳುತ್ತದೆ. ಆದ್ದರಿಂದ ಸಿಂಕ್ರನಸ್ ಪ್ರತಿಯನ್ನು ಹತ್ತಿರದ ಕೇಂದ್ರಕ್ಕೆ ಮೀಸಲಿಟ್ಟು, ದೂರದ ಕೇಂದ್ರಕ್ಕೆ ಸ್ನ್ಯಾಪ್‌ಶಾಟ್ ಅಥವಾ ಅಸಿಂಕ್ರನಸ್ ಲಾಗ್ ಕಳುಹಿಸುವುದು ರೂಢಿ. ನೆಟ್‌ವರ್ಕ್ ಸೆಟ್ಟಿಂಗ್‌ಗಳೂ ಮುಖ್ಯ. 64 ಕಿಲೋಬೈಟ್‌ನ ಹಳೆಯ ಟಿಸಿಪಿ ವಿಂಡೋ ಮಿತಿಯಲ್ಲಿ, 10 ಮಿಲಿಸೆಕೆಂಡ್ ವಿಳಂಬವಿದ್ದರೆ ಒಂದು ಸಂಪರ್ಕ ಸೆಕೆಂಡಿಗೆ ಸುಮಾರು 52 ಮೆಗಾಬಿಟ್‌ಗಿಂತ ಹೆಚ್ಚು ಸಾಗಿಸಲಾರದು, ಲಿಂಕ್ ಎಷ್ಟೇ ದೊಡ್ಡದಿರಲಿ. ವಿಂಡೋ ಹಿಗ್ಗಿಸಿ, ಸಮಾನಾಂತರ ಸಂಪರ್ಕಗಳನ್ನು ಬಳಸಿ ಇದನ್ನು ನಿವಾರಿಸುತ್ತಾರೆ.

ಸ್ನ್ಯಾಪ್‌ಶಾಟ್ ತಲುಪುವಷ್ಟರಲ್ಲಿ ಮೂಲ ಡೇಟಾಬೇಸ್ ಮುಂದೆ ಸಾಗಿರುತ್ತದೆ. ಆ ಅಂತರವನ್ನು ಲಾಗ್ ತುಂಬುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ 2010ರ 9.0 ಆವೃತ್ತಿಯಿಂದ ಲಾಗ್ ಅನ್ನು ನಿರಂತರವಾಗಿ ದೂರದ ಸರ್ವರ್‌ಗೆ ಹರಿಸಬಹುದು. ಒರಾಕಲ್‌ನ ಡೇಟಾ ಗಾರ್ಡ್, ಎಸ್‌ಕ್ಯೂಎಲ್ ಸರ್ವರ್‌ನ 2012ರ ಅವೈಲಬಿಲಿಟಿ ಗ್ರೂಪ್‌ಗಳು ಇದೇ ಕೆಲಸ ಮಾಡುತ್ತವೆ. ಮೈಎಸ್‌ಕ್ಯೂಎಲ್ 8.0.17ರಲ್ಲಿ ಬಂದ ಕ್ಲೋನ್ ಸೌಲಭ್ಯ ಒಂದು ಸರ್ವರ್‌ನ ಇನ್ನೋಡಿಬಿ ಸ್ನ್ಯಾಪ್‌ಶಾಟ್ ಅನ್ನು ಜಾಲದ ಮೂಲಕ ಮತ್ತೊಂದಕ್ಕೆ ಇಳಿಸುತ್ತದೆ. ಕ್ಲಸ್ಟರ್‌ಗೆ ಹೊಸದಾಗಿ ಸೇರುವ ಸರ್ವರ್ ಹಾಗೆ ಸಿದ್ಧವಾಗುತ್ತದೆ. ದೂರದ ಲಿಂಕ್ ಕಡಿದರೆ ಮೂಲ ಸರ್ವರ್ ಲಾಗ್ ಅನ್ನು ಕಾದಿಡಬೇಕಾಗುತ್ತದೆ. ಮಿತಿಯಿಲ್ಲದೆ ಕಾದಿಟ್ಟರೆ ಮೂಲದ ಡಿಸ್ಕ್ ತುಂಬಿ ಸೇವೆಯೇ ನಿಲ್ಲುತ್ತದೆ. ಬೇಗ ಅಳಿಸಿದರೆ ಹೊಸ ಸ್ನ್ಯಾಪ್‌ಶಾಟ್ ಮೊದಲಿನಿಂದ ಕಳುಹಿಸಬೇಕಾಗುತ್ತದೆ. ಈ ಮಿತಿಯನ್ನು ಲೆಕ್ಕಹಾಕಿ ಗೊತ್ತುಪಡಿಸುವುದು ಡೇಟಾಬೇಸ್ ನಿರ್ವಾಹಕರ ಹೊಣೆ.

ದೂರದ ಕ್ಲಸ್ಟರ್‌ನ ಒಳಗೆ

ಸ್ವೀಕರಿಸುವ ಕಡೆ ಮೂರು ಸರ್ವರ್‌ಗಳಿದ್ದರೆ ಪ್ರತಿಯೊಂದೂ ಮೂಲದಿಂದ ಬೇರೆ ಬೇರೆಯಾಗಿ ನಕಲು ಪಡೆಯುವುದು ದುಂದು. 10 ಟೆರಾಬೈಟ್ ಬದಲು 30 ಟೆರಾಬೈಟ್ ದೂರದ ಲಿಂಕ್ ದಾಟಬೇಕಾಗುತ್ತದೆ. ಒಂದು ಸರ್ವರ್ ಮಾತ್ರ ಮೂಲದಿಂದ ಪಡೆದು ಉಳಿದವಕ್ಕೆ ಸ್ಥಳೀಯ ಜಾಲದಲ್ಲಿ ಹಂಚುವುದು ಉತ್ತಮ. ಪೋಸ್ಟ್‌ಗ್ರೆಸ್ 2012ರ 9.2 ಆವೃತ್ತಿಯಲ್ಲಿ ಇಂಥ ಸರಣಿ ಹಂಚಿಕೆಗೆ ಅವಕಾಶ ಕೊಟ್ಟಿತು. ಪೋಸ್ಟ್‌ಗ್ರೆಸ್ ಕ್ಲಸ್ಟರ್‌ಗಳನ್ನು ನಿರ್ವಹಿಸುವ ಪ್ಯಾಟ್ರೋನಿ ತಂತ್ರಾಂಶದಲ್ಲಿ ಇಡೀ ದೂರದ ಕ್ಲಸ್ಟರ್ ಅನ್ನೇ ಸ್ಟ್ಯಾಂಡ್‌ಬೈ ಆಗಿ ಇರಿಸಿ, ಅದರೊಳಗಿನ ಒಂದು ನಾಯಕ ಸರ್ವರ್‌ಗೆ ಸ್ವೀಕಾರದ ಹೊಣೆ ಕೊಡಬಹುದು.

ಆ ಸ್ವೀಕರಿಸುವ ಸರ್ವರೇ ನಡುವೆ ಕೆಟ್ಟರೆ ಸಾಗಣೆ ನಿಲ್ಲಬಾರದು. ಅದಕ್ಕೆ ಕಳುಹಿಸುವ ಕಡೆ ಒಂದು ನಿರ್ದಿಷ್ಟ ಯಂತ್ರದ ವಿಳಾಸವನ್ನು ನೆಚ್ಚದೆ, ಕ್ಲಸ್ಟರ್‌ನ ವರ್ಚುವಲ್ ಐಪಿ ವಿಳಾಸವನ್ನು ಬಳಸುತ್ತದೆ. ಆ ವಿಳಾಸ ಯಾವ ಯಂತ್ರ ಜೀವಂತವಿದೆಯೋ ಅದಕ್ಕೆ ವರ್ಗವಾಗುತ್ತದೆ. ಅರ್ಧಕ್ಕೆ ನಿಂತ ಸಾಗಣೆಯನ್ನು ಅಲ್ಲಿಂದಲೇ ಮುಂದುವರಿಸುವ ಸೌಲಭ್ಯ ಓಪನ್‌ಝಡ್‌ಎಫ್‌ಎಸ್‌ನಲ್ಲಿದೆ. ಅರ್ಧ ಬಂದ ಪ್ರತಿಯನ್ನು ಪೂರ್ಣ ಪ್ರತಿಯೆಂದು ಯಾರೂ ತೆರೆಯದಂತೆ ನೋಡಿಕೊಳ್ಳುವುದು ಅಷ್ಟೇ ಅಗತ್ಯ.

ಕ್ಲಸ್ಟರ್‌ನ ನಿರ್ಧಾರಗಳು ಬಹುಮತದ ಮೇಲೆ ನಿಂತಿವೆ. ಮೂರರಲ್ಲಿ ಎರಡು, ಐದರಲ್ಲಿ ಮೂರು ಸರ್ವರ್‌ಗಳು ಒಪ್ಪಿದರೆ ಮಾತ್ರ ಹೊಸ ನಾಯಕನ ಆಯ್ಕೆ. ಎರಡೇ ಸರ್ವರ್‌ಗಳಿದ್ದರೆ ಮೂರನೆಯ ಸಾಕ್ಷಿ ಯಂತ್ರ ಬೇಕು. ಸಂಪರ್ಕ ಕಡಿದ ಸರ್ವರ್ ತಾನಿನ್ನೂ ನಾಯಕನೆಂದು ಬರೆಯುತ್ತಲೇ ಇದ್ದರೆ ಮಾಹಿತಿ ಎರಡು ಕವಲಾಗುತ್ತದೆ. ಅದನ್ನು ತಡೆಯಲು ಅಂಥ ಸರ್ವರ್‌ನ ವಿದ್ಯುತ್ ಕಡಿತಗೊಳಿಸುವ ಅಥವಾ ಸ್ಟೋರೇಜ್ ಪ್ರವೇಶ ನಿಲ್ಲಿಸುವ ಫೆನ್ಸಿಂಗ್ ಕ್ರಮ ಬಳಕೆಯಲ್ಲಿದೆ.

ಅಳತೆಗೋಲುಗಳು

ಅವಘಡದಲ್ಲಿ ಎಷ್ಟು ಹೊತ್ತಿನ ಮಾಹಿತಿ ಕಳೆದುಕೊಂಡರೆ ಸಹಿಸಬಹುದು ಎಂಬುದು ಆರ್‌ಪಿಒ. ಎಷ್ಟು ಹೊತ್ತಿನೊಳಗೆ ಸೇವೆ ಮರಳಬೇಕು ಎಂಬುದು ಆರ್‌ಟಿಒ. ಗಂಟೆಗೊಂದು ಸ್ನ್ಯಾಪ್‌ಶಾಟ್ ತೆಗೆದರೆ ನಷ್ಟ ಒಂದು ಗಂಟೆಯನ್ನು ಮೀರದು ಎಂದು ಭಾವಿಸುವುದು ತಪ್ಪು. 10 ಗಂಟೆಯ ಸ್ನ್ಯಾಪ್‌ಶಾಟ್ 10:20ಕ್ಕೆ ತಲುಪುತ್ತದೆ, 11 ಗಂಟೆಯದು 11:20ಕ್ಕೆ ತಲುಪಬೇಕು. 11:19ಕ್ಕೆ ಮೂಲ ಕೇಂದ್ರ ಕುಸಿದರೆ ದೂರದಲ್ಲಿರುವ ಪೂರ್ಣ ಪ್ರತಿ 10 ಗಂಟೆಯದು ಮಾತ್ರ. ನಷ್ಟ 79 ನಿಮಿಷದ್ದು. ಸ್ನ್ಯಾಪ್‌ಶಾಟ್ ಅಂತರಕ್ಕೆ ಸಾಗಣೆಯ ಸಮಯ ಸೇರಿಸಿದಾಗಲೇ ನಿಜವಾದ ಆರ್‌ಪಿಒ ದೊರೆಯುವುದು. ಹಾಗೆಯೇ ಆರ್‌ಟಿಒದಲ್ಲಿ ಲಾಗ್ ಓದಿ ಚೇತರಿಸಿಕೊಳ್ಳುವ ಸಮಯ, ಅಪ್ಲಿಕೇಶನ್‌ಗಳನ್ನು ಹೊಸ ವಿಳಾಸಕ್ಕೆ ತಿರುಗಿಸುವ ಸಮಯ, ಅವಘಡವೆಂದು ಘೋಷಿಸಲು ಅಧಿಕಾರಿಗಳು ತೆಗೆದುಕೊಳ್ಳುವ ಸಮಯ ಎಲ್ಲವೂ ಸೇರುತ್ತವೆ.

ಅವಘಡಗಳ ಪಾಠ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಎರಡನೇ ಡೇಟಾಬೇಸ್ ಸರ್ವರ್ ಮೂಲಕ್ಕಿಂತ ಹಿಂದೆ ಬಿದ್ದಿತು. ಬೇಕಾದ ಲಾಗ್ ಮೂಲದಲ್ಲಿ ಅಳಿಸಿಹೋಗಿದ್ದರಿಂದ ಪೂರ್ಣ ಪ್ರತಿಯನ್ನು ಮತ್ತೆ ನಕಲು ಮಾಡಬೇಕಾಯಿತು. ಆ ಕೆಲಸದ ನಡುವೆ ಎರಡನೇ ಸರ್ವರ್‌ನಲ್ಲಿ ಖಾಲಿ ಮಾಡಬೇಕಿದ್ದ ಕೋಶವನ್ನು ಮೂಲ ಸರ್ವರ್‌ನಲ್ಲೇ ಅಳಿಸಲಾಯಿತು. ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಗಿಗಾಬೈಟ್. ದಿನನಿತ್ಯದ ಬ್ಯಾಕಪ್, ಆವೃತ್ತಿಗಳು ಹೊಂದದೆ, ಸದ್ದಿಲ್ಲದೆ ವಿಫಲವಾಗುತ್ತಿತ್ತು ಎಂಬುದು ಆಗ ತಿಳಿಯಿತು. ಕೊನೆಗೆ ಕಾಪಾಡಿದ್ದು ಸುಮಾರು ಆರು ಗಂಟೆ ಮುಂಚೆ ಬೇರೆ ಉದ್ದೇಶಕ್ಕಾಗಿ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ಸಂಸ್ಥೆ ಎಲ್ಲವನ್ನೂ ಬಹಿರಂಗವಾಗಿ ಬರೆದು ಪ್ರಕಟಿಸಿದ್ದರಿಂದ ಜಗತ್ತಿನ ಎಲ್ಲೆಡೆಯ ನಿರ್ವಾಹಕರಿಗೆ ಅದು ಪಾಠವಾಯಿತು.

2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನ ಅಮೆರಿಕ ಪೂರ್ವ ಕರಾವಳಿಯ ಕೇಂದ್ರದ ಸಂಪರ್ಕ 43 ಸೆಕೆಂಡ್ ಕಡಿಯಿತು. ಸ್ವಯಂಚಾಲಿತ ವ್ಯವಸ್ಥೆ ಪಶ್ಚಿಮ ಕರಾವಳಿಯ ಮೈಎಸ್‌ಕ್ಯೂಎಲ್ ಸರ್ವರ್‌ಗಳನ್ನು ಮೂಲವಾಗಿಸಿತು. ಆ ಹೊತ್ತಿಗೆ ಪೂರ್ವದಲ್ಲಿ ಬರೆದಿದ್ದ ಕೆಲವು ಬರಹಗಳು ಪಶ್ಚಿಮ ತಲುಪಿರಲಿಲ್ಲ. ಎರಡೂ ಕಡೆ ಪರಸ್ಪರ ಇಲ್ಲದ ಬರಹಗಳು ಉಳಿದು, ಬ್ಯಾಕಪ್‌ನಿಂದ ಮರುಸ್ಥಾಪಿಸಿ ಹೊಂದಿಸಲು 24 ಗಂಟೆ 11 ನಿಮಿಷ ಹಿಡಿಯಿತು. ಸಂಸ್ಥೆ ವೇಗಕ್ಕಿಂತ ಮಾಹಿತಿಯ ಸಮಗ್ರತೆಗೆ ಆದ್ಯತೆ ಕೊಟ್ಟದ್ದು ಸರಿಯಾದ ನಿರ್ಧಾರ.

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಬೆಂಕಿಗೆ ಪೂರ್ತಿ ಸುಟ್ಟಿತು. ಅದೇ ಆವರಣದಲ್ಲಿ ಬ್ಯಾಕಪ್ ಇಟ್ಟಿದ್ದ ಗ್ರಾಹಕರಲ್ಲಿ ಕೆಲವರು ಎಲ್ಲವನ್ನೂ ಕಳೆದುಕೊಂಡರು. ದೂರ ಎಂಬುದು ಅಲಂಕಾರವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಭಾರತದಲ್ಲಿ

2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಗ್ಗೆ 11:40ಕ್ಕೆ ನಿಂತ ವಹಿವಾಟು ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ. ಅಷ್ಟು ಹೊತ್ತಾದರೂ ವಹಿವಾಟು ಡಿಆರ್ ಸೈಟ್‌ಗೆ, ಅಂದರೆ ಅವಘಡದಲ್ಲಿ ಸೇವೆ ವಹಿಸಿಕೊಳ್ಳಲು ಸಜ್ಜಾಗಿಟ್ಟ ದೂರದ ಕೇಂದ್ರಕ್ಕೆ, ವರ್ಗವಾಗದಿದ್ದುದು ಚರ್ಚೆಗೆ ಬಂತು. ಮುಂದಿನ ತಿಂಗಳೇ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ ಮಾರುಕಟ್ಟೆ ಸಂಸ್ಥೆಗಳಿಗೆ ನಿಯಮಗಳನ್ನು ಬಿಗಿಗೊಳಿಸಿ ಆರ್‌ಟಿಒಗೆ 45 ನಿಮಿಷ, ಆರ್‌ಪಿಒಗೆ 15 ನಿಮಿಷದ ಮಿತಿ ಹಾಕಿತು. ಮೂಲ ಕೇಂದ್ರ ಮತ್ತು ಡಿಆರ್ ಸೈಟ್ ಆದಷ್ಟು ಭಿನ್ನ ಭೂಕಂಪ ವಲಯಗಳಲ್ಲಿರಬೇಕು, ಮಾಹಿತಿ ನಷ್ಟವಾಗದಂತೆ ಹತ್ತಿರದಲ್ಲಿ ಮತ್ತೊಂದು ತಾಣವೂ ಇರಬೇಕು ಎಂಬುದು ಅದರ ನಿಲುವು. 2024ರ ಮಾರ್ಚ್ 2ರ ಶನಿವಾರ ದೇಶದ ಎರಡು ಪ್ರಮುಖ ಷೇರುಪೇಟೆಗಳು ವಿಶೇಷ ವಹಿವಾಟು ನಡೆಸಿ, ನಡುವೆ ಡಿಆರ್ ಸೈಟ್‌ಗೆ ವರ್ಗವಾಗಿ ತೋರಿಸಿದವು. ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾಹಿತಿ ತಂತ್ರಜ್ಞಾನ ಆಡಳಿತ ನಿರ್ದೇಶನದ ಪ್ರಕಾರ ಮುಖ್ಯ ವ್ಯವಸ್ಥೆಗಳ ಡಿಆರ್ ಡ್ರಿಲ್ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು.

ದೇಶದ ಒಳಗೇ ದೂರದ ಪ್ರತಿ ಇಡುವುದು ಈಗ ಸುಲಭವಾಗಿದೆ. ಅಮೆಜಾನ್‌ನ ಕ್ಲೌಡ್ ವಲಯ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಆರಂಭವಾಯಿತು. ಮೈಕ್ರೋಸಾಫ್ಟ್‌ಗೆ 2015ರಿಂದ ಪುಣೆ, ಚೆನ್ನೈ, ಮುಂಬೈಗಳಲ್ಲಿ ವಲಯಗಳಿವೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ಆಧಾರ್ ಪ್ರಾಧಿಕಾರದ ಎರಡು ದತ್ತಾಂಶ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. ಮತ್ತೊಂದು ಹರಿಯಾಣದ ಮಾನೇಸರದಲ್ಲಿ.

ಭದ್ರತೆ ಮತ್ತು ಪರೀಕ್ಷೆ

ಸ್ನ್ಯಾಪ್‌ಶಾಟ್‌ನಲ್ಲಿ ಇಡೀ ಡೇಟಾಬೇಸ್ ಇರುವುದರಿಂದ ಅದರ ಕಳವು ಮೂಲದ ಕಳವಿಗೆ ಸಮ. ಸಾಗುವಾಗಲೂ, ತಲುಪಿದ ಮೇಲೂ ಗೂಢಲಿಪೀಕರಣ ಬೇಕು. ಕೀಲಿಗಳು ದೂರದ ಕೇಂದ್ರದಲ್ಲಿಯೂ ದೊರೆಯುವಂತಿರಬೇಕು. ಮೂಲ ಕೇಂದ್ರದೊಂದಿಗೆ ಕೀಲಿಯೂ ಹೋದರೆ ಪ್ರತಿ ಇದ್ದೂ ಇಲ್ಲದಂತೆ. ರ್‍ಯಾನ್ಸಮ್‌ವೇರ್ ದಾಳಿಕೋರರು ಮೊದಲು ಬ್ಯಾಕಪ್‌ಗಳನ್ನೇ ಅಳಿಸಲು ನೋಡುವುದರಿಂದ, ಗೊತ್ತುಪಡಿಸಿದ ಅವಧಿ ಮುಗಿಯುವವರೆಗೆ ನಿರ್ವಾಹಕನೂ ಅಳಿಸಲಾಗದ ಪ್ರತಿಗಳು ಬೇಕು. ಮೂಲದ ಮತ್ತು ದೂರದ ಕೇಂದ್ರಗಳಿಗೆ ಒಂದೇ ಪಾಸ್‌ವರ್ಡ್, ಒಂದೇ ನಿರ್ವಾಹಕ ಖಾತೆ ಇರಕೂಡದು.

ಪರೀಕ್ಷೆಗೆ ಹಲವು ಹಂತಗಳಿವೆ. ಚೆಕ್‌ಸಮ್ ಹೋಲಿಸಿದರೆ ಸಾಗಣೆ ಸರಿಯಾಗಿದೆ ಎಂದಷ್ಟೇ ತಿಳಿಯುತ್ತದೆ. ಮೂಲದಲ್ಲೇ ಹಾಳಾದ ಪುಟ ಹಾಳಾದಂತೆಯೇ ಬಂದಿರಬಹುದು. ಪುಟಮಟ್ಟದ ಚೆಕ್‌ಸಮ್ ಇದನ್ನು ಹಿಡಿಯುತ್ತದೆ; 2025ರ 18ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಅದನ್ನು ತಾನಾಗಿಯೇ ಚಾಲೂ ಇಡುತ್ತದೆ. ಅದರಾಚೆಗೆ ಪ್ರತಿಯಿಂದ ಒಂದು ಕ್ಲೋನ್ ತೆರೆದು, ಡೇಟಾಬೇಸ್ ಆರಂಭಿಸಿ, ನಿಜವಾದ ಪ್ರಶ್ನೆಗಳನ್ನು ಕೇಳಿ ಉತ್ತರ ಹೋಲಿಸಬೇಕು. ಕೊನೆಯ ಹಂತ ಪೂರ್ಣ ಡ್ರಿಲ್: ಸೇವೆಯನ್ನು ದೂರದ ಕ್ಲಸ್ಟರ್‌ಗೆ ವರ್ಗಾಯಿಸಿ, ಅಲ್ಲಿಂದ ನಡೆಸಿ, ಮತ್ತೆ ಮೂಲಕ್ಕೆ ತರುವುದು. ಹಿಂದಿರುಗುವ ಈ ಹಾದಿಯನ್ನು ಯೋಜಿಸದೆ ಬಿಡುವ ಸಂಸ್ಥೆಗಳಿಗೆ ಅವಘಡಕ್ಕಿಂತ ಅದರ ನಂತರದ ದಿನಗಳೇ ಕಷ್ಟವಾಗುತ್ತವೆ.

ಸಲಕರಣೆಗಳು ಇಂದು ಸಾಕಷ್ಟಿವೆ, ಅನೇಕವು ಉಚಿತವಾಗಿ ಸಿಗುತ್ತವೆ. ಕೊರತೆ ಇರುವುದು ಅಭ್ಯಾಸದಲ್ಲಿ. ದೂರದ ಕ್ಲಸ್ಟರ್‌ನಲ್ಲಿ ತೆರೆದು, ಓಡಿಸಿ, ಸರಿಯಾದ ಉತ್ತರ ಪಡೆದ ಪ್ರತಿಯನ್ನು ಮಾತ್ರ ಬ್ಯಾಕಪ್ ಎಂದು ಎಣಿಸಬೇಕು. ಜನರ ಹಣ, ಆರೋಗ್ಯ, ಭೂಮಿಯ ದಾಖಲೆಗಳನ್ನು ಕಾಯುವ ಪ್ರತಿ ಸಂಸ್ಥೆಯೂ ಈ ಪರೀಕ್ಷೆಯನ್ನು ಕ್ಯಾಲೆಂಡರಿನಲ್ಲಿ ಗುರುತುಮಾಡಿ, ತಪ್ಪದೆ ನಡೆಸಬೇಕು.